ಖಾಕಿಯ ಕಥನ: ತಳಕಿನ ಕಾದಂಬರಿಯಿಂದ ಕನ್ನಡದ ತೆರೆಗೆ

ಅಪರಾಧ, ತನಿಖೆ, ವಿಚಾರಣೆ ಮತ್ತು ಶಿಕ್ಷೆ ಎಂಬ ನಾಲ್ಕು ಹಂತಗಳಲ್ಲಿ ಸಾಗುವ ಪೊಲೀಸ್ ಕಥನವು ಕನ್ನಡದ ಬೆಳ್ಳಿತೆರೆ ಮತ್ತು ಕಿರುತೆರೆಗಳಲ್ಲಿ ಬೆಳೆದ ಬಗೆಯನ್ನು ಪರಿಶೀಲಿಸುವವರು ಸಾಮಾನ್ಯವಾಗಿ ಬೆಂಗಳೂರಿನ ಭೂಗತ ಲೋಕದಿಂದಲೋ ಪತ್ತೇದಾರಿ ಕಾದಂಬರಿಗಳಿಂದಲೋ ತಮ್ಮ ಮಾತನ್ನು ಆರಂಭಿಸುತ್ತಾರೆ. ಆದರೆ ಈ ಪರಂಪರೆಯ ಒಂದು ಮುಖ್ಯ ಬೇರು ಚಿತ್ರದುರ್ಗ ಜಿಲ್ಲೆಯ ಬಯಲುಸೀಮೆಯಲ್ಲಿ, ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ದಾರಿಯಲ್ಲಿರುವ ತಳಕು ಎಂಬ ಹೋಬಳಿ ಕೇಂದ್ರದೊಂದಿಗೆ ಬೆಸೆದುಕೊಂಡಿದೆ. ಆಡಳಿತದಲ್ಲಿ ಚಳ್ಳಕೆರೆ ತಾಲ್ಲೂಕಿಗೂ ಚುನಾವಣೆಯಲ್ಲಿ ಮೊಳಕಾಲ್ಮೂರು ವಿಧಾನಸಭಾ ಕ್ಷೇತ್ರಕ್ಕೂ ಸೇರಿದ ಈ ಊರಿನ ಹೆಸರನ್ನು ತಮ್ಮ ಹೆಸರಿನ ಮೊದಲಿಗೆ ಇಟ್ಟುಕೊಂಡ ತಳಕಿನ ರಾಮಸ್ವಾಮಯ್ಯ ಸುಬ್ಬರಾವ್, ಅಂದರೆ ಕನ್ನಡಿಗರೆಲ್ಲರೂ ಬಲ್ಲ ತ.ರಾ.ಸು., ಬರೆದ ಮೂರು ಕಾದಂಬರಿಗಳು ಸೇರಿ 1993ರಲ್ಲಿ ‘ಆಕಸ್ಮಿಕ’ ಎಂಬ ಚಲನಚಿತ್ರವಾದವು, ಅದರಲ್ಲಿ ಡಾ. ರಾಜ್‌ಕುಮಾರ್ ಅವರು ಪೊಲೀಸ್ ಅಧಿಕಾರಿಯ ಪಾತ್ರವನ್ನು ವಹಿಸಿದರು. ಆ ಚಿತ್ರವನ್ನು ಅದರ ಹಿಂದುಮುಂದಿನ ಚಿತ್ರಗಳ ನಡುವೆ ಇಟ್ಟು ನೋಡಿದರೆ, ಕನ್ನಡದ ಪೊಲೀಸ್ ಕಥನವು ಎಲ್ಲಿ ಗೆದ್ದಿತು ಮತ್ತು ಯಾವ ಕೆಲಸವನ್ನು ಬಾಕಿ ಉಳಿಸಿಕೊಂಡಿತು ಎಂಬುದು ತಿಳಿಯುತ್ತದೆ.

ತಳಕಿನ ಈ ಮನೆತನವು ಕನ್ನಡ ವಿದ್ವತ್ತಿಗೆ ಕೊಟ್ಟ ಕೊಡುಗೆ ಬಹು ದೊಡ್ಡದು. 1885ರಲ್ಲಿ ಹುಟ್ಟಿದ ತಳಕಿನ ವೆಂಕಣ್ಣಯ್ಯನವರು ಮೈಸೂರಿನಲ್ಲಿ ಕನ್ನಡದ ಮೊದಲ ಪ್ರಾಧ್ಯಾಪಕರೆನಿಸಿದರು. ಕುವೆಂಪು ಅವರು ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಈ ಗುರುವಿಗೆ ಅರ್ಪಿಸಿದ್ದಾರೆ. ವೆಂಕಣ್ಣಯ್ಯನವರ ಸೋದರ ತ.ಸು. ಶಾಮರಾಯರೂ ಹೆಸರಾಂತ ವಿದ್ವಾಂಸರಾಗಿದ್ದರು. ಇವರ ಸೋದರನ ಮಗನಾಗಿ 1920ರ ಏಪ್ರಿಲ್ 21ರಂದು ಮಲೇಬೆನ್ನೂರಿನಲ್ಲಿ ಹುಟ್ಟಿದ ತ.ರಾ.ಸು. ಅವರು ವಿಶ್ವವಿದ್ಯಾನಿಲಯದ ದಾರಿಯನ್ನು ಹಿಡಿಯದೆ 1942ರ ಚಳವಳಿಗೆ ಧುಮುಕಿ ಸೆರೆಮನೆಯನ್ನು ಕಂಡರು, ಪತ್ರಕರ್ತರಾಗಿ ದುಡಿದರು, ಆಮೇಲೆ ಬರವಣಿಗೆಯನ್ನೇ ಬದುಕಾಗಿ ಮಾಡಿಕೊಂಡರು. ಕಾನೂನನ್ನು ಜಾರಿಗೆ ತರುವವರನ್ನು ಸೆರೆಮನೆಯ ಒಳಗಿನಿಂದ ನೋಡಿದ ಲೇಖಕನೊಬ್ಬನು ಮುಂದೆ ಪೊಲೀಸ್ ಅಧಿಕಾರಿಯನ್ನೇ ಕಥೆಯ ನಡುವೆ ನಿಲ್ಲಿಸಿ, ಅವನಿಗೆ ಮನುಷ್ಯಸಹಜವಾದ ದುಃಖವನ್ನೂ ಅಂತಃಕರಣವನ್ನೂ ಕೊಟ್ಟನೆಂಬುದು ಗಮನಿಸಬೇಕಾದ ಸಂಗತಿ.

ಈ ನಾಡಿನಲ್ಲಿ ಕಾವಲು ಮತ್ತು ಶಿಕ್ಷೆಯ ನೆನಪು ಹಳೆಯದು. ಚಿತ್ರದುರ್ಗದ ನಾಯಕರ ಕಾಲದಲ್ಲಿ ಪಾಳೆಯಗಾರರು, ಅಂದರೆ ದೊರೆಗೆ ಕಪ್ಪವನ್ನೂ ಸೈನ್ಯವನ್ನೂ ಒದಗಿಸುತ್ತ ತಮ್ಮ ಸೀಮೆಯನ್ನು ಆಳುತ್ತಿದ್ದ ಸ್ಥಳೀಯ ಒಡೆಯರು, ದಾರಿಗಳ ಮತ್ತು ಹಳ್ಳಿಗಳ ಕಾವಲಿನ ಹೊಣೆಯನ್ನು ಹೊತ್ತಿದ್ದರು. ಹಳ್ಳಿಯ ಮಟ್ಟದಲ್ಲಿ ತಳವಾರನು ರಾತ್ರಿಯ ಗಸ್ತು ತಿರುಗುತ್ತ, ಹೊಸಬರ ಸುಳಿವನ್ನು ಪಟೇಲನಿಗೆ ಮುಟ್ಟಿಸುತ್ತ, ಕಳವಾದರೆ ಹೆಜ್ಜೆಯ ಜಾಡು ಹಿಡಿಯುತ್ತ ವಂಶಪಾರಂಪರ್ಯವಾಗಿ ಕೆಲಸ ಮಾಡುತ್ತಿದ್ದನು. 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆಯಿಂದ ಈ ವಂಶಪಾರಂಪರ್ಯದ ಹುದ್ದೆಗಳು ಕೊನೆಗೊಂಡವು. 1963ರ ಪೊಲೀಸ್ ಕಾಯಿದೆಯು ಇಡೀ ರಾಜ್ಯಕ್ಕೆ ಒಂದೇ ಬಗೆಯ ಪೊಲೀಸ್ ವ್ಯವಸ್ಥೆಯನ್ನು ಒದಗಿಸಿತು. ಆ ವ್ಯವಸ್ಥೆಯಲ್ಲಿ ಒಂದು ಠಾಣೆಯನ್ನು ಸಬ್ ಇನ್ಸ್‌ಪೆಕ್ಟರ್ ನೋಡಿಕೊಂಡರೆ, ಕೆಲವು ಠಾಣೆಗಳು ಕೂಡಿದ ವೃತ್ತಕ್ಕೆ ಸರ್ಕಲ್ ಇನ್ಸ್‌ಪೆಕ್ಟರ್, ವೃತ್ತಗಳು ಕೂಡಿದ ಉಪವಿಭಾಗಕ್ಕೆ ಡಿವೈಎಸ್‌ಪಿ ಮತ್ತು ಜಿಲ್ಲೆಗೆ ಎಸ್‌ಪಿ ಮುಖ್ಯಸ್ಥರಾಗಿರುವ ಕ್ರಮವು ರೂಢಿಗೆ ಬಂದಿತು. ಕನ್ನಡ ಚಿತ್ರಗಳಲ್ಲಿ ಕಾಣುವ ಇನ್ಸ್‌ಪೆಕ್ಟರ್ ಪಾತ್ರವು ಈ ಏಣಿಯ ನಡುವಿನ ಮೆಟ್ಟಿಲಿನಲ್ಲಿ ನಿಂತಿರುವುದರಿಂದಲೇ, ಕೆಳಗಿನ ಜನರ ಅಳಲು ಮತ್ತು ಮೇಲಿನ ಅಧಿಕಾರದ ಒತ್ತಡ ಎರಡೂ ಅವನ ಮೇಲೆ ಒಟ್ಟಿಗೆ ಬೀಳುತ್ತವೆ.

ಅಪರಾಧವನ್ನು ಕಥೆಯಾಗಿಸುವ ಕನ್ನಡದ ಇನ್ನೊಂದು ಧಾರೆ ಪತ್ತೇದಾರಿ ಕಾದಂಬರಿಗಳದು. ಎನ್. ನರಸಿಂಹಯ್ಯನವರು ಪತ್ತೇದಾರ ಪುರುಷೋತ್ತಮ ಎಂಬ ಪಾತ್ರವನ್ನು ಸೃಷ್ಟಿಸಿ, ನೂರಾರು ಕಾದಂಬರಿಗಳನ್ನು ಬರೆದು, ಓದಿನ ಅಭ್ಯಾಸವೇ ಇಲ್ಲದ ಲಕ್ಷಾಂತರ ಕನ್ನಡಿಗರನ್ನು ಓದುಗರನ್ನಾಗಿ ಮಾಡಿದರು. ಅಲ್ಲಿ ಮುಖ್ಯವಾದ ಪ್ರಶ್ನೆ ಅಪರಾಧಿ ಯಾರು ಎಂಬುದು. ಅವನು ಸಿಕ್ಕ ಕೂಡಲೇ ಕಥೆ ಮುಗಿಯುತ್ತದೆ. ತ.ರಾ.ಸು. ಅವರ ಆಸಕ್ತಿ ಬೇರೆಯದಾಗಿತ್ತು. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’ ಮತ್ತು ‘ತಿರುಗುಬಾಣ’ ಎಂಬ ಐತಿಹಾಸಿಕ ತ್ರಿವಳಿಯಲ್ಲಿ ಅವರು ದುರ್ಗದ ದಳವಾಯಿ, ಅಂದರೆ ಸೇನಾಧಿಪತಿ, ಮುದ್ದಣ್ಣನ ಅಧಿಕಾರದಾಹವನ್ನೂ ಅದು ಅರಮನೆಯಲ್ಲಿ ಹರಿಸಿದ ರಕ್ತವನ್ನೂ ಚಿತ್ರಿಸುವಾಗ ಕೊಂದವರು ಯಾರೆಂಬುದನ್ನು ಮುಚ್ಚಿಡುವುದಿಲ್ಲ. ಒಂದು ಕೊಲೆಯು ಮುಂದಿನ ಕೊಲೆಗೆ ಹೇಗೆ ಕಾರಣವಾಗುತ್ತದೆ, ಅನ್ಯಾಯವೆಸಗಿದವನಿಗೇ ಅದು ಹೇಗೆ ತಿರುಗಿ ಬಡಿಯುತ್ತದೆ ಎಂಬುದನ್ನು ಸಾವಧಾನವಾಗಿ ಬಿಡಿಸಿ ತೋರಿಸುತ್ತಾರೆ. ‘ಆಕಸ್ಮಿಕ’, ‘ಅಪರಾಧಿ’ ಮತ್ತು ‘ಪರಿಣಾಮ’ ಎಂಬ ಸಾಮಾಜಿಕ ತ್ರಿವಳಿಯ ಹೆಸರುಗಳನ್ನು ಒಂದರ ಪಕ್ಕದಲ್ಲಿ ಒಂದನ್ನು ಇಟ್ಟರೆ ಸಾಕು, ಲೇಖಕರ ವಿಚಾರಕ್ರಮ ಗೊತ್ತಾಗುತ್ತದೆ: ಬದುಕಿನಲ್ಲಿ ಒಂದು ಘಟನೆ ಸಂಭವಿಸುತ್ತದೆ, ಅದರೊಳಗೆ ಯಾರದೋ ತಪ್ಪಿರುತ್ತದೆ, ಆ ತಪ್ಪಿನ ಫಲವನ್ನು ತಪ್ಪು ಮಾಡದವರೂ ಉಣ್ಣಬೇಕಾಗುತ್ತದೆ.

ಈ ಮೂರು ಕಾದಂಬರಿಗಳನ್ನು ಒಂದೇ ಚಿತ್ರಕ್ಕೆ ಇಳಿಸಿದವರು ಟಿ.ಎಸ್. ನಾಗಾಭರಣ. ಬಿ.ವಿ. ಕಾರಂತರ ‘ಬೆನಕ’ ನಾಟಕ ತಂಡದಲ್ಲಿ ಪಳಗಿ, ‘ಗ್ರಹಣ’ ಚಿತ್ರದಿಂದ ಹೆಸರು ಮಾಡಿ, ದೂರದರ್ಶನಕ್ಕೆ ‘ತೆನಾಲಿ ರಾಮ’ ಧಾರಾವಾಹಿಯನ್ನು ನಿರ್ದೇಶಿಸಿದ್ದ ಅವರಿಗೆ ಪ್ರಯೋಗಶೀಲ ರಂಗಭೂಮಿ ಮತ್ತು ಜನಪ್ರಿಯ ಮಾಧ್ಯಮಗಳ ಎರಡೂ ದಾರಿಗಳು ಪರಿಚಿತವಾಗಿದ್ದವು. ಇನ್ಸ್‌ಪೆಕ್ಟರ್ ನರಸಿಂಹಮೂರ್ತಿಯಾಗಿ ರಾಜ್‌ಕುಮಾರ್, ಕ್ಲಾರಾ ಆಗಿ ಗೀತಾ, ಇಂದಿರಾ ಆಗಿ ಮಾಧವಿ ಮತ್ತು ಖಳನಾಗಿ ವಜ್ರಮುನಿ ಅಭಿನಯಿಸಿದ ಈ ಚಿತ್ರಕ್ಕೆ ಹಂಸಲೇಖ ಅವರು ಸಂಗೀತ ನೀಡಿದರು. ಆಗುಂಬೆಯ ಪರಿಸರದಲ್ಲಿ ಅರಳುವ ಪ್ರೇಮ, ಪತ್ನಿಯ ಸಾವು, ಮೋಸದಿಂದ ವೇಶ್ಯಾವಾಟಿಕೆಗೆ ತಳ್ಳಲ್ಪಟ್ಟ ಹೆಣ್ಣೊಬ್ಬಳ ರಕ್ಷಣೆ ಎಂಬ ಎಳೆಗಳನ್ನು ಹೆಣೆದ ಕಥೆಯಲ್ಲಿ, ಅಧಿಕಾರಿಯು ಆ ಹೆಣ್ಣನ್ನು ಪ್ರಕರಣದ ಒಂದು ಸಾಕ್ಷಿಯೆಂದು ಕಾಣದೆ ಗೌರವಕ್ಕೆ ಅರ್ಹಳಾದ ವ್ಯಕ್ತಿಯೆಂದು ಕಾಣುತ್ತಾನೆ. ಜಟಕಾ ಬಂಡಿಯ ಮೇಲೆ ನಿಂತು ಕನ್ನಡ ನಾಡಿನ ಹಿರಿಮೆಯನ್ನು ಹಾಡುವ ಗೀತೆಯು ನಾಡಿನ ಉತ್ಸವಗಳಲ್ಲೆಲ್ಲ ಮೊಳಗುವಷ್ಟು ಜನಪ್ರಿಯವಾದುದರಿಂದ ಚಿತ್ರದ ಈ ಗಂಭೀರ ವಸ್ತುವು ಚರ್ಚೆಯಲ್ಲಿ ಹಿಂದೆ ಸರಿದಿದೆ. ಅರವತ್ತು ದಾಟಿದ್ದ ರಾಜ್‌ಕುಮಾರ್ ಅವರು ಈ ಪಾತ್ರಕ್ಕೆ ತಂದ ಮಾಗಿದ ಸಂಯಮ, ಮಾತಿಗಿಂತ ನೋಟದಲ್ಲಿ ಹೆಚ್ಚು ಹೇಳುವ ಅಭಿನಯ, ಕನ್ನಡ ತೆರೆಯ ಪೊಲೀಸ್ ಪಾತ್ರಗಳಲ್ಲಿ ವಿರಳವಾದುದು.

ಅದು ಎಷ್ಟು ವಿರಳವೆಂಬುದನ್ನು ಆಗಿನ ಇತರ ಚಿತ್ರಗಳೊಂದಿಗೆ ಹೋಲಿಸಿ ತಿಳಿಯಬಹುದು. ಎಚ್.ಕೆ. ಅನಂತರಾವ್ ಅವರ ಕಾದಂಬರಿಯನ್ನು ಆಧರಿಸಿ ಎಸ್.ವಿ. ರಾಜೇಂದ್ರಸಿಂಗ್ ಬಾಬು ಅವರು 1981ರಲ್ಲಿ ತೆಗೆದ ‘ಅಂತ’ ಚಿತ್ರದಲ್ಲಿ ಅಂಬರೀಶ್ ಅವರು ಇನ್ಸ್‌ಪೆಕ್ಟರ್ ಸುಶೀಲ್ ಕುಮಾರ್ ಮತ್ತು ಅವನನ್ನೇ ಹೋಲುವ ಪಾತಕಿ ಕನ್ವರ್‌ಲಾಲ್ ಎಂಬ ಎರಡು ಪಾತ್ರಗಳನ್ನು ನಿರ್ವಹಿಸಿದರು. ರಾಜಕಾರಣ, ಹಣ ಮತ್ತು ಅಪರಾಧಗಳ ಕೂಟವನ್ನು ಮುಚ್ಚುಮರೆಯಿಲ್ಲದೆ ತೋರಿಸಿದ ಆ ಚಿತ್ರವು ಅದರ ಉಗ್ರ ಹಿಂಸೆಯ ಕಾರಣದಿಂದ ದೊಡ್ಡ ವಿವಾದಕ್ಕೆ ಗುರಿಯಾಯಿತು ಮತ್ತು ಅದೇ ವರ್ಷ ಹಿಂದಿಯಲ್ಲಿ ‘ಮೇರಿ ಆವಾಜ್ ಸುನೋ’ ಎಂದು ಮರುರೂಪ ಪಡೆಯಿತು. 1988ರ ‘ಸಾಂಗ್ಲಿಯಾನ’ ಚಿತ್ರವು ಕರ್ನಾಟಕದಲ್ಲಿ ಸೇವೆ ಸಲ್ಲಿಸುತ್ತಿದ್ದ ಐಪಿಎಸ್ ಅಧಿಕಾರಿ ಎಚ್.ಟಿ. ಸಾಂಗ್ಲಿಯಾನ ಅವರ ಹೆಸರನ್ನೇ ನಾಯಕನಿಗೆ ಇಟ್ಟುಕೊಂಡಿತು, ಪಿ. ನಂಜುಂಡಪ್ಪ ಅವರ ನಿರ್ದೇಶನದಲ್ಲಿ ಶಂಕರ್ ನಾಗ್ ಅವರು ವೇಷ ಬದಲಿಸಿ ಜನರ ನಡುವೆ ಓಡಾಡುವ ಅಧಿಕಾರಿಯ ಚಿತ್ರವನ್ನು ಪ್ರೇಕ್ಷಕರ ಮನಸ್ಸಿನಲ್ಲಿ ಅಚ್ಚೊತ್ತಿದರು. 1990ರ ದಶಕದಲ್ಲಿ ದೇವರಾಜ್ ಅವರು ಅಭಿನಯಿಸಿದ ‘ಲಾಕಪ್ ಡೆತ್’ ಮತ್ತು ಥ್ರಿಲ್ಲರ್ ಮಂಜು ಅವರ ನಿರ್ದೇಶನದಲ್ಲಿ ಸಾಯಿಕುಮಾರ್ ಅವರು ನಾಯಕರಾದ 1996ರ ‘ಪೊಲೀಸ್ ಸ್ಟೋರಿ’ ಈ ಪ್ರಕಾರಕ್ಕೆ ಸಿಡಿಲಿನಂಥ ಸಂಭಾಷಣೆಯನ್ನೂ ಹೊಡೆದಾಟವನ್ನೂ ಕೂಡಿಸಿದವು. ಇವೆಲ್ಲ ಜನರ ಸಿಟ್ಟಿಗೆ ದನಿ ಕೊಟ್ಟ ಚಿತ್ರಗಳೇ. ಆದರೆ ಕಾನೂನು ಸೋತಲ್ಲಿ ಒಬ್ಬ ವೀರನು ತಾನೇ ನ್ಯಾಯ ಕೊಡುತ್ತಾನೆ ಎಂಬ ಭರವಸೆಯನ್ನು ಅವು ಬಿತ್ತಿದವು. ಬರೆದಿಟ್ಟ ಮಹಜರು, ಅಂದರೆ ಪಂಚರ ಸಮ್ಮುಖದಲ್ಲಿ ಸ್ಥಳದ ಸ್ಥಿತಿಯನ್ನು ದಾಖಲಿಸುವ ಪತ್ರ, ನ್ಯಾಯಾಲಯದಲ್ಲಿ ತಿರುಗಿ ಬೀಳುವ ಸಾಕ್ಷಿ, ರಾತ್ರಿ ಪಾಳಿಯಲ್ಲಿ ದಣಿದ ಕಾನ್‌ಸ್ಟೆಬಲ್ ಇವರಾರಿಗೂ ಅಲ್ಲಿ ಹೆಚ್ಚಿನ ಜಾಗ ದೊರೆಯಲಿಲ್ಲ.

ಎರಡೂವರೆ ಗಂಟೆಯ ಚಿತ್ರಕ್ಕೆ ಇಂಥ ವಿವರಗಳನ್ನು ತುಂಬಿಕೊಳ್ಳುವ ವ್ಯವಧಾನವಿರುವುದಿಲ್ಲ; ಆ ವ್ಯವಧಾನವಿರುವುದು ಧಾರಾವಾಹಿಗೆ. ಉದಾಹರಣೆಗೆ, ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಕ್ರಾಫರ್ಡ್ ಸಂಸ್ಥೆಯು 1964ರಲ್ಲಿ ಆರಂಭಿಸಿದ ‘ಹೋಮಿಸೈಡ್’ ಎಂಬ ಪೊಲೀಸ್ ಧಾರಾವಾಹಿಯು 500ಕ್ಕೂ ಹೆಚ್ಚು ಕಂತುಗಳವರೆಗೆ ನಡೆದು, ಆ ದೇಶದ ನಟರಿಗೂ ಬರಹಗಾರರಿಗೂ ಪಾಠಶಾಲೆಯಾಯಿತು. ನ್ಯೂ ಸೌತ್ ವೇಲ್ಸ್ ಪೊಲೀಸರ ಭ್ರಷ್ಟಾಚಾರವನ್ನು ಕುರಿತು 1995ರಿಂದ 1997ರವರೆಗೆ ನ್ಯಾಯಮೂರ್ತಿ ವುಡ್ ಅವರ ಆಯೋಗವು ವಿಚಾರಣೆ ನಡೆಸಿದ ಬೆನ್ನಲ್ಲೇ ಬಂದ ‘ವೈಲ್ಡ್‌ಸೈಡ್’ ಧಾರಾವಾಹಿಯಲ್ಲಿ ಟೋನಿ ಮಾರ್ಟಿನ್, ರೇಚಲ್ ಬ್ಲೇಕ್ ಮೊದಲಾದ ನಟರು ಸಿಡ್ನಿಯ ಪೊಲೀಸರನ್ನು ವೀರರನ್ನಾಗಿ ಮೆರೆಸದೆ, ತಪ್ಪು ಮಾಡುವ, ನೋಯುವ, ನಾಚಿಕೊಳ್ಳುವ ಮನುಷ್ಯರನ್ನಾಗಿ ತೋರಿಸಿದರು. ಒಂದು ಸಮಾಜವು ತನ್ನ ಪೊಲೀಸ್ ವ್ಯವಸ್ಥೆಯ ಬಗ್ಗೆ ತಾನೇ ಕೇಳಿಕೊಂಡ ಪ್ರಶ್ನೆಗಳು ನೇರವಾಗಿ ಕಿರುತೆರೆಗೆ ಬಂದ ಉದಾಹರಣೆ ಇದು.

ಕನ್ನಡದ ಕಿರುತೆರೆಯು ಬೇರೊಂದು ದಾರಿಯನ್ನು ತುಳಿಯಿತು. 1981ರಲ್ಲಿ ಬೆಂಗಳೂರು ದೂರದರ್ಶನ ಕೇಂದ್ರವೂ 1994ರಲ್ಲಿ ಉದಯ ಟಿವಿಯೂ 2000ದಲ್ಲಿ ಈಟಿವಿ ಕನ್ನಡವೂ ಆರಂಭವಾದ ಮೇಲೆ ಧಾರಾವಾಹಿಯು ಕನ್ನಡಿಗರ ದಿನಚರಿಯ ಭಾಗವಾಯಿತು. ಟಿ.ಎನ್. ಸೀತಾರಾಂ ಅವರು ‘ಮಾಯಾಮೃಗ’ದ ಅನಂತರ ‘ಮುಕ್ತ’ ಮೊದಲಾದ ಧಾರಾವಾಹಿಗಳಲ್ಲಿ ನ್ಯಾಯಾಲಯವನ್ನೇ ನಾಟಕದ ರಂಗವನ್ನಾಗಿ ಮಾಡಿ, ತಾವೇ ವಕೀಲರ ಪಾತ್ರವನ್ನು ವಹಿಸಿ, ಸಾಕ್ಷ್ಯ ಮತ್ತು ಪಾಟೀಸವಾಲು, ಅಂದರೆ ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸಿ ಪರೀಕ್ಷಿಸುವ ಕ್ರಮ, ಇವುಗಳ ಸೂಕ್ಷ್ಮವನ್ನು ಮನೆಮನೆಗೆ ಮುಟ್ಟಿಸಿದರು. ಠಾಣೆಯ ಲೋಕವು ಧಾರಾವಾಹಿಯ ರೂಪದಲ್ಲಿ ಇಷ್ಟು ಗಟ್ಟಿಯಾಗಿ ಬೆಳೆಯದೆ, ನಿಜ ಪ್ರಕರಣಗಳನ್ನು ನಿರೂಪಿಸುವ ಕಾರ್ಯಕ್ರಮಗಳ ರೂಪದಲ್ಲಿ ಬಂದಿತು. ಇಲ್ಲಿಯೂ ಚಳ್ಳಕೆರೆ ಸೀಮೆಯ ನಂಟು ಕಾಣುತ್ತದೆ: ಈಟಿವಿ ಕನ್ನಡದಲ್ಲಿ ‘ಕ್ರೈಂ ಡೈರಿ’ಯನ್ನು ನಡೆಸಿಕೊಟ್ಟ ಪತ್ರಕರ್ತ ರವಿ ಬೆಳಗೆರೆ ಅವರು ಬಳ್ಳಾರಿಯಲ್ಲಿ ಹುಟ್ಟಿದರೂ ಚಳ್ಳಕೆರೆ ತಾಲ್ಲೂಕಿನ ಬೆಳಗೆರೆಯ ಮನೆತನಕ್ಕೆ, ‘ಯೇಗ್ದಾಗೆಲ್ಲಾ ಐತೆ’ ಕೃತಿಯ ಕರ್ತೃ ಬೆಳಗೆರೆ ಕೃಷ್ಣಶಾಸ್ತ್ರಿಗಳ ಬಂಧುವರ್ಗಕ್ಕೆ ಸೇರಿದವರು. ಅವರ ಧ್ವನಿ ಮತ್ತು ನಿರೂಪಣೆಯ ಶೈಲಿಯು ಅಪರಾಧ ವರದಿಗೆ ಕಥೆಯ ಹಿಡಿತವನ್ನು ತಂದುಕೊಟ್ಟಿತು. ಆದರೂ ಒಂದು ಪ್ರಕರಣವನ್ನು ಹೇಳಿ ಮುಂದಿನ ಪ್ರಕರಣಕ್ಕೆ ದಾಟಿಬಿಡುವ ಈ ಪ್ರಕಾರದಲ್ಲಿ, ಒಂದೇ ಠಾಣೆಯ ಮನುಷ್ಯರನ್ನು ವರ್ಷಗಟ್ಟಲೆ ಅನುಸರಿಸುವ ಸಾಧ್ಯತೆ ಇರಲಿಲ್ಲ.

ತ.ರಾ.ಸು. ಅವರ ಕೃತಿಗಳು ತೆರೆಗೆ ಬಂದ ಇತಿಹಾಸವು ಈ ಕೊರತೆಯನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’ ಮತ್ತು ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಪುಟ್ಟಣ್ಣ ಕಣಗಾಲ್ ಅವರು 1972ರಲ್ಲಿ ಒಂದೇ ಚಿತ್ರವಾಗಿಸಿ, ಚಿತ್ರದುರ್ಗದ ಕೋಟೆಯನ್ನು ನಾಡಿಗೆಲ್ಲ ಪರಿಚಯಿಸಿ, ವಿಷ್ಣುವರ್ಧನ್ ಮತ್ತು ಅಂಬರೀಶ್ ಅವರನ್ನು ಬೆಳಕಿಗೆ ತಂದರು; ಚಿತ್ರವು ಅಪಾರ ಜಯ ಗಳಿಸಿದರೂ ಕಾದಂಬರಿಕಾರರಿಗೆ ಆ ರೂಪಾಂತರವು ತೃಪ್ತಿ ಕೊಡಲಿಲ್ಲವೆಂಬುದು ಪ್ರಸಿದ್ಧವಾದ ಸಂಗತಿ. ವೇಶ್ಯಾವಾಟಿಕೆಯ ಬದುಕನ್ನು ಚಿತ್ರಿಸಿದ ‘ಮಸಣದ ಹೂವು’ ಪುಟ್ಟಣ್ಣನವರ ಕೊನೆಯ ಚಿತ್ರವಾಯಿತು. 1985ರಲ್ಲಿ ಅವರು ತೀರಿಕೊಂಡ ಮೇಲೆ ಕೆ.ಎಸ್.ಎಲ್. ಸ್ವಾಮಿ ಅವರು ಅದನ್ನು ಪೂರ್ಣಗೊಳಿಸಿದರು. ‘ಆಕಸ್ಮಿಕ’ದಲ್ಲಿಯೂ ಮೂರು ಕಾದಂಬರಿಗಳು ಒಂದು ಚಿತ್ರದೊಳಗೆ ಅಡಕವಾಗಬೇಕಾಯಿತು. ಹೀಗೆ ಎರಡು ತ್ರಿವಳಿಗಳು ಎರಡು ಚಿತ್ರಗಳಾಗುವಾಗ ಕಾದಂಬರಿಕಾರರು ಕಾರಣದಿಂದ ಪರಿಣಾಮದವರೆಗೆ ಹಾಸಿಟ್ಟಿದ್ದ ದೀರ್ಘವಾದ ನಡಿಗೆಯು ಮೊಟಕಾಗಿ, ನಾಯಕನ ವ್ಯಕ್ತಿತ್ವವೇ ಚಿತ್ರದ ತುಂಬ ಆವರಿಸಿಕೊಂಡಿತು. ಇದು ನಿರ್ದೇಶಕರ ಅಥವಾ ನಟರ ಲೋಪವೆನ್ನುವುದಕ್ಕಿಂತ ಮಾಧ್ಯಮದ ಮಿತಿ ಎನ್ನುವುದೇ ನ್ಯಾಯ.

ಹಾಗಾಗಿ ಕನ್ನಡಕ್ಕೆ ಒಂದು ಗಂಭೀರವಾದ ಪೊಲೀಸ್ ಧಾರಾವಾಹಿಯ ಋಣ ಇನ್ನೂ ಬಾಕಿ ಇದೆ, ಮತ್ತು ಅದನ್ನು ತೀರಿಸಲು ಬೇಕಾದ ಕಥನದ ಬುನಾದಿಯನ್ನು ತ.ರಾ.ಸು. ಅವರು ಹಾಕಿಕೊಟ್ಟಿದ್ದಾರೆ. 1984ರ ಏಪ್ರಿಲ್ 10ರಂದು ಅವರು ನಿಧನರಾದರು; ಮರುವರ್ಷ ‘ದುರ್ಗಾಸ್ತಮಾನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಮರಣೋತ್ತರವಾಗಿ ಸಂದಿತು. ಆ ಗೌರವದ ಬೆಳಕಿನಲ್ಲಿ ಅವರ ಐತಿಹಾಸಿಕ ಕಾದಂಬರಿಗಳು ಮರುಮುದ್ರಣಗೊಂಡು ಓದಿಸಿಕೊಳ್ಳುತ್ತಿರುವಷ್ಟು ಅವರ ಸಾಮಾಜಿಕ ಕಾದಂಬರಿಗಳು ಚರ್ಚೆಗೆ ಬರುತ್ತಿಲ್ಲ. ಕಂತುಗಳಲ್ಲಿ ಕಥೆ ಹೇಳುವ ಅವಕಾಶವು ಹಿಂದೆಂದಿಗಿಂತಲೂ ಹೆಚ್ಚಾಗಿರುವ ಈ ಕಾಲದಲ್ಲಿ, ಕನ್ನಡದ ಬರಹಗಾರರೂ ನಿರ್ದೇಶಕರೂ ನಟರೂ ‘ಆಕಸ್ಮಿಕ’, ‘ಅಪರಾಧಿ’ ಮತ್ತು ‘ಪರಿಣಾಮ’ಗಳನ್ನು ಮೂರು ಬೇರೆಬೇರೆ ಕಾದಂಬರಿಗಳಾಗಿಯೇ ಮತ್ತೊಮ್ಮೆ ಓದಬೇಕು; ಅಪರಾಧಿಯನ್ನು ಹಿಡಿಯುವುದರೊಂದಿಗೆ ಮುಗಿಯದೆ, ಅಪರಾಧಕ್ಕೆ ನೆಲ ಒದಗಿಸಿದ ಸಮಾಜವನ್ನೂ ವಿಚಾರಣೆಗೆ ಒಳಪಡಿಸುವ ಕಥನವನ್ನು ಅವುಗಳ ಆಧಾರದ ಮೇಲೆ ಕಟ್ಟಬೇಕು.