ಕಾಣದ ಬರದ ಅಂಜಿಕೆ

ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್ ನಮ್ಮ ಅಜ್ಜಿಯ ಊರು. ರಾಶಿ ಮುಗಿದ ಮೇಲೆ ಕಣದ ಮಣ್ಣಿನಲ್ಲಿ ಉಳಿದ ಜೋಳವನ್ನು ಆಕೆ ಒಂದೊಂದೇ ಕಾಳಾಗಿ ಆರಿಸುತ್ತಿದ್ದಳು. “ಕಾಳು ತುಳೀಬ್ಯಾಡ್ರೋ, ಬರ ಬಂದೀತು” ಎಂದು ಹುಡುಗರಾದ ನಮ್ಮನ್ನು ಗದರುತ್ತಿದ್ದಳು. ಹಗೇವು ತುಂಬಿದ ವರ್ಷವೂ ಆ ಅಂಜಿಕೆ ತಗ್ಗಿದ್ದನ್ನು ನಾನು ಕಾಣೆ. ವಿಚಿತ್ರವೆಂದರೆ, ಆಕೆ ಅಂಜುತ್ತಿದ್ದ ಬರವನ್ನು ಕಂಡವಳು ಆಕೆಯಲ್ಲ, ಆಕೆಯ ಅಜ್ಜಿ.

ಅದು 1876ರಿಂದ 1878ರವರೆಗಿನ ಧಾತು-ಈಶ್ವರ ಸಂವತ್ಸರಗಳ ಬರ. ಮೈಸೂರು ಸಂಸ್ಥಾನವೊಂದರಲ್ಲೇ ಐವತ್ತು ಲಕ್ಷ ಜನರ ಪೈಕಿ ಸುಮಾರು ಹತ್ತು ಲಕ್ಷ ಮಂದಿಯನ್ನು ಅದು ನುಂಗಿತು. ನಿಜಾಮರ ಆಳ್ವಿಕೆಯಲ್ಲಿದ್ದ ರಾಯಚೂರು, ಲಿಂಗಸುಗೂರು ಸೀಮೆಗಳೂ ಅದರ ಬಾಯಿಗೆ ಬಿದ್ದವು. ಕೃಷ್ಣೆ ಒಂದು ಕಡೆ, ತುಂಗಭದ್ರೆ ಇನ್ನೊಂದು ಕಡೆ. ನಡುವೆ ಒಣಗಿ ಬಿರಿದ ಎರೆಭೂಮಿ! ಮುಂಬಯಿ, ಮದರಾಸುಗಳ ರೈಲುದಾರಿಗಳು 1871ರಲ್ಲಿಯೇ ರಾಯಚೂರಿನಲ್ಲಿ ಕೂಡಿದ್ದವು. ಧಾನ್ಯ ಬರಲು ದಾರಿಯಿತ್ತು, ಕೊಳ್ಳುವವನ ಕೈಯಲ್ಲಿ ಕಾಸಿರಲಿಲ್ಲ. 1877ರ ಜನವರಿ 1ರಂದು ದೆಹಲಿಯಲ್ಲಿ ವೈಭವದ ದರ್ಬಾರು ನಡೆಯಿತು. ಅದೇ ವರ್ಷ ಸರ್ ರಿಚರ್ಡ್ ಟೆಂಪಲ್ಲರು ಬ್ರಿಟಿಷ್ ಸೀಮೆಯ ಪರಿಹಾರ ಕಾಮಗಾರಿಗಳಲ್ಲಿ ಮಣ್ಣು ಹೊರುವ ಆಳಿಗೆ ದಿನಕ್ಕೆ ಒಂದು ಪೌಂಡು, ಎಂದರೆ ಸುಮಾರು 450 ಗ್ರಾಂ ಧಾನ್ಯ ಸಾಕೆಂದು ಕಟ್ಟು ಮಾಡಿದರು. ಇದನ್ನು ಮಿತವ್ಯಯವೆಂದು ಹೊಗಳಿದವರೂ ಇದ್ದರು.

ಇಂಥ ಹಸಿವು ಸತ್ತವರೊಡನೆ ಮುಗಿಯುತ್ತದೆಯೇ? ಎಪಿಜೆನೆಟಿಕ್ಸ್ ಎಂಬ ಶಾಸ್ತ್ರ ಕೇಳುತ್ತಿರುವುದು ಈ ಪ್ರಶ್ನೆಯನ್ನೇ. 1944-45ರ ಚಳಿಗಾಲದಲ್ಲಿ ಜರ್ಮನರು ಆಹಾರ ತಡೆದಾಗ ಹಾಲೆಂಡಿನಲ್ಲಿ ಕ್ಷಾಮವಾಯಿತು. ಆಗ ಗರ್ಭ ಕಟ್ಟಿ ಹುಟ್ಟಿದವರನ್ನು ಅವರ ಒಡಹುಟ್ಟಿದವರೊಡನೆ ಹೋಲಿಸಿ ನೋಡಿದ ವಿದ್ವಾಂಸರು, ಬೆಳವಣಿಗೆಗೆ ಸಂಬಂಧಿಸಿದ ಒಂದು ಜೀನಿನ ಮೇಲಿನ ರಾಸಾಯನಿಕ ಗುರುತು ಆರು ದಶಕಗಳ ಅನಂತರವೂ ಕಡಿಮೆಯಿರುವುದನ್ನು 2008ರಲ್ಲಿ ತೋರಿಸಿದರು. ಜೀನು ಬದಲಾಗಿರಲಿಲ್ಲ, ಅದರ ಮೇಲಿನ ಗುರುತು ಬದಲಾಗಿತ್ತು. ಆದರೆ ಇದು ತಾಯಿಯ ಹೊಟ್ಟೆಯಲ್ಲೇ ಹಸಿದವರ ಮಾತು. ಮೊಮ್ಮಕ್ಕಳವರೆಗೂ ಆ ಗುರುತು ಹರಿಯುತ್ತದೆಂಬುದು ಮನುಷ್ಯರಲ್ಲಿ ಇನ್ನೂ ಸಿದ್ಧವಾಗಿಲ್ಲ. ನಮ್ಮ ಅಜ್ಜಿಯ ಅಂಜಿಕೆಗೆ ರಕ್ತವನ್ನು ಸಾಕ್ಷಿಗೆ ಕರೆಯಬೇಕಾಗಿಯೂ ಇಲ್ಲ. ಒಲೆಯ ಮುಂದೆ ಕೇಳಿದ ಕಥೆ, ತಲೆಯ ಮೇಲೆ ತಿಂದ ಮೊಟಕು, ಇವೇ ಸಾಕು. ಅಂಜಿಕೆಯ ಜೊತೆಗೆ ಆಕೆಗೆ ಒಂದು ವಿದ್ಯೆಯೂ ಬಂದಿತ್ತೆನ್ನಿ: ನೆಲದೊಳಗಿನ ಹಗೇವಿಗೆ ಒಣಮೇವು ಹೊದಿಸಿ, ಜೋಳ ತುಂಬಿ, ಬಾಯಿಗೆ ಮಣ್ಣು ಮೆತ್ತುವ ವಿದ್ಯೆ.

ತುಂಗಭದ್ರೆಯ ಎಡದಂಡೆ ಕಾಲುವೆ ಮಾನ್ವಿ ಸೀಮೆಗೂ ಬಂದಿದೆ. ಹಗೇವುಗಳು ಬಹುಮಟ್ಟಿಗೆ ಮುಚ್ಚಿಹೋಗಿವೆ. ಆದರೂ ಮಳೆ ಕೈಕೊಟ್ಟ ವರ್ಷ ದೇವದುರ್ಗ, ಮಾನ್ವಿಗಳ ಕಡೆಯಿಂದ ಬೆಂಗಳೂರಿಗೆ ಗುಳೆ ಹೊರಡುವವರು ಗಂಟುಮೂಟೆಯೊಡನೆ ಬಸ್ಸು ಹತ್ತುತ್ತಾರೆ. ಅವರಲ್ಲಿ ಬಸುರಿಯರೂ ಇರುತ್ತಾರೆ.