ಕರಾಟೆ ಶಾಲೆಯ ಮೊದಲ ದಿನದ ನಿಯಮಗಳಿಗೆ ವಯಸ್ಸೆಷ್ಟು?

ಕರಾಟೆ ಕಲಿಯಲು ಹೊಸದಾಗಿ ಸೇರಿದವರಿಗೆ ಗುದ್ದು, ಒದೆತಗಳಿಗಿಂತ ಮೊದಲು ಸಿಗುವುದು ನಿಯಮಗಳ ಪಟ್ಟಿ. ಚಪ್ಪಲಿ ಹೊರಗೆ ಬಿಡಬೇಕು, ಒಳಗೆ ಕಾಲಿಡುವಾಗ ಬಾಗಿ ವಂದಿಸಬೇಕು, ಉಗುರು ಕತ್ತರಿಸಿರಬೇಕು, ಬಳೆ ಉಂಗುರ ತೆಗೆದಿಟ್ಟಿರಬೇಕು, ಬಿಳಿ ಅಂಗಿಯ ಎಡ ಅಂಚು ಮೇಲೆ ಬರಬೇಕು, ಬೆಲ್ಟಿನ ಎರಡೂ ತುದಿ ಸಮನಾಗಿ ಇಳಿಬಿದ್ದಿರಬೇಕು. ಏಕೆ ಎಂದು ಕೇಳಿದರೆ ಹೆಚ್ಚಿನ ಕಡೆ ಬರುವ ಉತ್ತರ ಒಂದೇ: ಇದು ಸಾವಿರಾರು ವರ್ಷಗಳಿಂದ ಬಂದ ಸಂಪ್ರದಾಯ. ಈ ಉತ್ತರ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂದು ಪರೀಕ್ಷಿಸುವುದು ಈ ಟಿಪ್ಪಣಿಯ ಉದ್ದೇಶ. ನಿಯಮಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಅವುಗಳ ವಯಸ್ಸು ಬೇರೆ ಬೇರೆ ಎಂದು ತಿಳಿಯುತ್ತದೆ. ಒಂದು ಮಾತ್ರ ನಿಜಕ್ಕೂ ಹದಿಮೂರು ಶತಮಾನ ಹಳೆಯದು. ಹೆಚ್ಚಿನವು ಸುಮಾರು ಒಂದು ನೂರು ವರ್ಷದ ಆಸುಪಾಸಿನವು. ಇನ್ನು ಕೆಲವು ಚರಿತ್ರೆಯ ಆಧಾರವೇ ಇಲ್ಲದ ಕಥೆಗಳು. ಯಾವುದು ಯಾವ ಕಾರಣಕ್ಕೆ ಹುಟ್ಟಿತೆಂದು ಗೊತ್ತಾದರೆ ಯಾವುದನ್ನು ಬಿಡಲೇಬಾರದು, ಯಾವುದನ್ನು ಸಡಿಲಿಸಿದರೂ ನಷ್ಟವಿಲ್ಲ ಎಂಬುದೂ ಗೊತ್ತಾಗುತ್ತದೆ.

ಕರಾಟೆಯ ತವರು ಓಕಿನಾವಾ. 1879ರಲ್ಲಿ ಜಪಾನಿನ ಆಡಳಿತಕ್ಕೆ ಪೂರ್ತಿಯಾಗಿ ಸೇರುವ ಮುನ್ನ ಅದು ರ್ಯೂಕ್ಯು ಎಂಬ ಸಣ್ಣ ರಾಜ್ಯವಾಗಿತ್ತು. ಅಲ್ಲಿನ ಶುರಿ ಪಟ್ಟಣದಲ್ಲಿ 1868ರಲ್ಲಿ ಹುಟ್ಟಿದ ಫುನಾಕೋಶಿ ಗಿಚಿನ್ ತಮ್ಮ ಕಲಿಕೆಯ ದಿನಗಳನ್ನು ಬರೆದಿಟ್ಟಿದ್ದಾರೆ. ರಾತ್ರಿ ಹೊತ್ತು ಗುರು ಅಜಾತೋ ಅವರ ಮನೆಯಂಗಳದಲ್ಲಿ ಅಭ್ಯಾಸ. ಒಂದೇ ವರಸೆಯನ್ನು ತಿಂಗಳುಗಟ್ಟಲೆ ತಿದ್ದಿಸಿಕೊಳ್ಳುವುದು. ಗುರುವಿನ ಎದುರು ಒಬ್ಬಿಬ್ಬರು ಶಿಷ್ಯರಷ್ಟೇ ಇದ್ದ ಆ ಅಂಗಳದಲ್ಲಿ ಸಮವಸ್ತ್ರಕ್ಕೆ ಕೆಲಸವಿರಲಿಲ್ಲ. ಬೆಲ್ಟಾಗಲಿ ದರ್ಜೆಯಾಗಲಿ ಆಗಿನ್ನೂ ಕರಾಟೆಗೆ ಬಂದಿರಲಿಲ್ಲ. ಸೆಕೆಯ ದ್ವೀಪವಾದ್ದರಿಂದ ಮೈಮೇಲೆ ಆದಷ್ಟು ಕಡಿಮೆ ಬಟ್ಟೆ ಇಟ್ಟುಕೊಂಡು ಕಲಿಯುವುದು ರೂಢಿ. ಮಿಯಾಗಿ ಚೋಜುನ್ ಕಟ್ಟಿದ ಗೋಜು ಪಂಥದಲ್ಲಿ ಸಾಂಚಿನ್ ಎಂಬ ವರಸೆಯನ್ನು ಇಂದಿಗೂ ಬರಿಮೈಯಲ್ಲಿ ಮಾಡುವುದುಂಟು. ಉಸಿರಿನ ಜೊತೆ ಬೆನ್ನು, ಪಕ್ಕೆ, ಹೊಟ್ಟೆಯ ಸ್ನಾಯುಗಳು ಬಿಗಿಯುತ್ತಿವೆಯೇ ಎಂದು ಗುರುವಿಗೆ ಕಾಣಬೇಕು. ಅದಕ್ಕಾಗಿ ಅಂಗಿ ಕಳಚುತ್ತಾರೆ. ಹಳೆಯ ಓಕಿನಾವಾದಲ್ಲಿ ಉಡುಪು ಕಲಿಕೆಯ ಅಗತ್ಯವನ್ನು ನೋಡಿ ನಿರ್ಧಾರವಾಗುತ್ತಿತ್ತು.

ಮೊದಲ ಬದಲಾವಣೆ ಬಂದದ್ದು ಶಾಲೆಗಳ ಮೂಲಕ. ಫುನಾಕೋಶಿಯವರ ಇನ್ನೊಬ್ಬ ಗುರು ಇತೋಸು ಆಂಕೋ 1901ರಲ್ಲಿ ಶುರಿಯ ಪ್ರಾಥಮಿಕ ಶಾಲೆಯಲ್ಲಿ ಕರಾಟೆ ಕಲಿಸಲು ಆರಂಭಿಸಿದರು. 1908ರಲ್ಲಿ ಶಿಕ್ಷಣ ಇಲಾಖೆಗೆ ಹತ್ತು ಅಂಶಗಳ ಪತ್ರವೊಂದನ್ನೂ ಬರೆದರು. ನಮ್ಮ ಪ್ರಶ್ನೆಗೆ ಆ ಪತ್ರ ಬಹಳ ಮುಖ್ಯ. ಮೈ ಗಟ್ಟಿಯಾಗುವುದು, ನಿಲುವು, ಕಣ್ಣಿನ ಚುರುಕು, ದಿನನಿತ್ಯದ ಅಭ್ಯಾಸ ಇವೆಲ್ಲ ಅದರಲ್ಲಿವೆ. ಉಡುಪಿನ ಮಾತಿಲ್ಲ, ಬೆಲ್ಟಿನ ಮಾತಿಲ್ಲ. ಕರಾಟೆ ಬೌದ್ಧ ಧರ್ಮದಿಂದಾಗಲಿ ಕನ್‌ಫ್ಯೂಷಿಯಸ್ ಮತದಿಂದಾಗಲಿ ಹುಟ್ಟಿದ್ದಲ್ಲ ಎಂದು ಅವರು ಆರಂಭದಲ್ಲೇ ಸ್ಪಷ್ಟಪಡಿಸುತ್ತಾರೆ. ಆದರೆ ಅಂಗಳದ ವಿದ್ಯೆ ಶಾಲೆಯ ಮೈದಾನಕ್ಕೆ ಬಂದಾಗ ಒಬ್ಬ ಗುರುವಿನ ಎದುರು ಹತ್ತಾರು ಮಕ್ಕಳು ನಿಂತರು. ಸಾಲು, ಎಣಿಕೆ, ಆದೇಶ, ಎಲ್ಲರೂ ಒಟ್ಟಿಗೆ ಬಾಗುವ ವಂದನೆ ಬೇಕಾದವು. ಸೈನ್ಯದಲ್ಲಿ ಸೇವೆ ಸಲ್ಲಿಸಿ ಬಂದ ಯಾಬು ಕೆನ್‌ತ್ಸು ಅವರಂಥವರು ಶಿಕ್ಷಕರ ತರಬೇತಿ ಶಾಲೆಯಲ್ಲಿ ಕಲಿಸಿದಾಗ ಕವಾಯತಿನ ಶಿಸ್ತು ಇನ್ನಷ್ಟು ಗಟ್ಟಿಯಾಯಿತು. ಇಂದು ಹೊಸಬರು ಸಾಲಿನ ಕೊನೆಯಲ್ಲಿ ನಿಂತು ಒಂದು, ಎರಡು ಎಂದು ಜಪಾನಿ ಭಾಷೆಯಲ್ಲಿ ಎಣಿಸುವುದರ ಬೇರು ಇಲ್ಲಿದೆ.

ಎರಡನೆಯ ಬದಲಾವಣೆ 1922ರದು. ಆ ವರ್ಷ ಫುನಾಕೋಶಿ ಟೋಕಿಯೋದಲ್ಲಿ ಶಿಕ್ಷಣ ಸಚಿವಾಲಯದ ದೈಹಿಕ ಶಿಕ್ಷಣ ಪ್ರದರ್ಶನಕ್ಕೆ ಕರಾಟೆಯನ್ನು ತಂದರು. ಅದನ್ನು ಮೆಚ್ಚಿದ ಜೂಡೋ ಜನಕ ಕಾನೋ ಜಿಗೋರೋ ತಮ್ಮ ಕೋಡೋಕಾನ್ ಶಾಲೆಗೆ ಆಹ್ವಾನಿಸಿದರು. ಅಲ್ಲಿ ಫುನಾಕೋಶಿಯವರ ಜೊತೆ ವರಸೆ ತೋರಿಸಿದ ಓಕಿನಾವಾದ ವಿದ್ಯಾರ್ಥಿ ಗಿಮಾ ಶಿನ್‌ಕಿನ್ ಮುಂದೆ ನೆನಪಿಸಿಕೊಂಡಂತೆ, ಆ ದಿನಕ್ಕೆಂದು ಫುನಾಕೋಶಿ ಬಿಳಿ ಬಟ್ಟೆ ತಂದು ಇಬ್ಬರ ಉಡುಪನ್ನೂ ತಮ್ಮ ಕೈಯಾರೆ ಹೊಲಿದರು. ಮಾದರಿ ಜೂಡೋ ಉಡುಪಿನದು, ಬಟ್ಟೆ ಅದಕ್ಕಿಂತ ತೆಳು. ಜೂಡೋದಲ್ಲಿ ಎದುರಾಳಿ ಕೊರಳಪಟ್ಟಿ ಹಿಡಿದು ಎಳೆಯುತ್ತಾನೆ, ಅಲ್ಲಿ ದಪ್ಪ ನೇಯ್ಗೆ ಬೇಕು. ಕರಾಟೆಯಲ್ಲಿ ಕೈಕಾಲು ಬೀಸಲು ಹಗುರ ಬಟ್ಟೆಯೇ ಅನುಕೂಲ. ಇಂದು ನಮ್ಮಲ್ಲಿ ‘ಕರಾಟೆ ಡ್ರೆಸ್’ ಎಂದು ಅಂಗಡಿಯಲ್ಲಿ ಕೇಳಿ ಪಡೆಯುವ ಗಿ ಉಡುಪಿನ ವಯಸ್ಸು ನೂರು ವರ್ಷಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಐವತ್ತು ದಾಟಿದ ಶಾಲಾ ಶಿಕ್ಷಕರೊಬ್ಬರು ಅಪರಿಚಿತ ರಾಜಧಾನಿಯಲ್ಲಿ ತಮ್ಮ ನಾಡಿನ ವಿದ್ಯೆಗೆ ಗೌರವ ಸಿಗಲೆಂದು ಸೂಜಿ ಹಿಡಿದು ಕುಳಿತದ್ದು ನನಗೆ ಯಾವ ಪುರಾತನ ಕಥೆಗಿಂತಲೂ ದೊಡ್ಡದಾಗಿ ಕಾಣುತ್ತದೆ.

ಬೆಲ್ಟಿನ ವಿಷಯದಲ್ಲಿ ಒಂದು ಕಥೆ ಊರೂರಲ್ಲೂ ಹರಡಿದೆ. ಹಿಂದೆ ಎಲ್ಲರಿಗೂ ಬಿಳಿ ಬೆಲ್ಟೇ ಇತ್ತು, ವರ್ಷಗಳ ಬೆವರು ಮಣ್ಣು ಹತ್ತಿ ಅದು ಹಳದಿಯಾಗಿ, ಕಂದಾಗಿ, ಕಡೆಗೆ ಕಪ್ಪಾಯಿತು, ಆದ್ದರಿಂದ ಬೆಲ್ಟನ್ನು ಒಗೆಯಬಾರದು ಎಂಬುದು ಆ ಕಥೆ. ಕಾಲಾನುಕ್ರಮ ಇದನ್ನು ಒಪ್ಪುವುದಿಲ್ಲ. ಕಾನೋ ತಮ್ಮ ಹಿರಿಯ ಶಿಷ್ಯರಿಗೆ ಕಪ್ಪು ಪಟ್ಟಿಯ ಗುರುತು ಕೊಟ್ಟದ್ದು 1880ರ ದಶಕದಲ್ಲಿ. ಫುನಾಕೋಶಿ ಆ ಪದ್ಧತಿಯನ್ನು ಎರವಲು ಪಡೆದು ಕರಾಟೆಯ ಮೊದಲ ಕಪ್ಪು ಬೆಲ್ಟ್ ದರ್ಜೆಗಳನ್ನು 1924ರ ಏಪ್ರಿಲ್‌ನಲ್ಲಿ ನೀಡಿದರು. ಹಳದಿ, ಕಿತ್ತಳೆ, ಹಸಿರು ಮುಂತಾದ ಬಣ್ಣಗಳ ಏಣಿ ಹರಡಿದ್ದು ಅನಂತರ, 1920 ಮತ್ತು 30ರ ದಶಕಗಳಲ್ಲಿ ಲಂಡನ್ ಮತ್ತು ಪ್ಯಾರಿಸಿನ ಜೂಡೋ ಶಾಲೆಗಳಿಂದ. ಬಿಳಿ ಮತ್ತು ಕಪ್ಪು ಮೊದಲು, ನಡುವಿನ ಬಣ್ಣಗಳು ಆಮೇಲೆ ಬಂದಿರುವಾಗ ಕೊಳೆಯ ಕಥೆಗೆ ನಿಲ್ಲಲು ಜಾಗವಿಲ್ಲ. ಹೊಟ್ಟೆಗೆ ಬಿಗಿದು ಬೆವರು ಕುಡಿಯುವ ಬಟ್ಟೆಯನ್ನು ಒಗೆಯಲೇಬೇಕು. ಬಣ್ಣ ಬಿಡುವ ಭಯವಿದ್ದರೆ ತಣ್ಣೀರಿನಲ್ಲಿ ಬೇರೆಯಾಗಿ ಒಗೆದು ನೆರಳಲ್ಲಿ ಒಣಗಿಸಿದರಾಯಿತು.

ಹಾಗಾದರೆ ನಿಜಕ್ಕೂ ಹಳೆಯದು ಯಾವುದು? ಎಡ ಅಂಚು ಮೇಲೆ ಬರಬೇಕೆಂಬ ನಿಯಮ. ಜಪಾನಿನಲ್ಲಿ ಕ್ರಿ.ಶ. 719ರಲ್ಲಿ, ಗೆನ್ಶೋ ಎಂಬ ಸಾಮ್ರಾಜ್ಞಿಯ ಕಾಲದಲ್ಲಿ, ಎಲ್ಲರೂ ಉಡುಪಿನ ಬಲ ಅಂಚನ್ನು ಮೈಗೆ ತಾಗಿಸಿ ಎಡ ಅಂಚನ್ನು ಅದರ ಮೇಲೆ ತರಬೇಕೆಂದು ರಾಜಾಜ್ಞೆ ಹೊರಟಿತು. ಚೀನಾದ ತಾಂಗ್ ಆಸ್ಥಾನದ ಉಡುಗೆಯನ್ನು ಅನುಸರಿಸಿದ ಕ್ರಮ ಅದು. ಅದಕ್ಕೆ ವಿರುದ್ಧವಾಗಿ ಬಲ ಅಂಚನ್ನು ಮೇಲೆ ತರುವುದು ಶವಕ್ಕೆ ಬಟ್ಟೆ ತೊಡಿಸುವಾಗ ಮಾತ್ರ. ಹೊಸಬರು ಅಂಚು ತಿರುವುಮುರುವಾಗಿ ಹಾಕಿಕೊಂಡರೆ ಹಿರಿಯರು ತಕ್ಷಣ ತಿದ್ದುವುದು ಈ ಅಶುಭದ ಭಾವನೆಯಿಂದ. ಅಂಗಡಿಯ ಶರ್ಟುಗಳಲ್ಲಿ ಗಂಡಿಗೆ ಒಂದು ಕಡೆ, ಹೆಣ್ಣಿಗೆ ಇನ್ನೊಂದು ಕಡೆ ಗುಂಡಿ ಇರುತ್ತದೆ; ಗಿಯಲ್ಲಿ ಆ ಭೇದವಿಲ್ಲ, ಎಲ್ಲರಿಗೂ ಎಡವೇ ಮೇಲೆ.

ಉಡುಪಿನ ಅಳತೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ವಿಶ್ವ ಕರಾಟೆ ಒಕ್ಕೂಟದ ಸ್ಪರ್ಧಾ ನಿಯಮದಂತೆ ತೋಳು ಮುಂಗೈಯ ಅರ್ಧದಷ್ಟಾದರೂ ಬರಬೇಕು, ಮಣಿಕಟ್ಟು ದಾಟಬಾರದು. ಪ್ಯಾಂಟು ಮೊಣಕಾಲಿನಿಂದ ಕೆಳಗಿನ ಕಾಲಿನ ಕನಿಷ್ಠ ಮೂರರಲ್ಲಿ ಎರಡು ಪಾಲನ್ನು ಮುಚ್ಚಬೇಕು. ಎರಡನ್ನೂ ಮಡಚಿ ಸುತ್ತುವಂತಿಲ್ಲ. ಬೆಳೆಯುವ ಮಕ್ಕಳಿಗೆ ದೊಡ್ಡ ಅಳತೆಯದನ್ನೇ ತರುವ ತಂದೆತಾಯಿ ಅಂಚನ್ನು ಒಳಕ್ಕೆ ಮಡಚಿ ಹೊಲಿಗೆ ಹಾಕಿಸಿದರೆ ಸಾಕು; ಮುಂದೆ ಬಿಚ್ಚಬಹುದು. ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗುತ್ತದೆ, ಬಿಸಿನೀರಿನಲ್ಲಿ ಇನ್ನಷ್ಟು. ಒಪ್ಪಿಗೆ ಪಡೆದ ಮಾದರಿಯ ತಲೆವಸ್ತ್ರಕ್ಕೆ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲೇ ಅವಕಾಶವಿರುವಾಗ ಊರಿನ ತರಗತಿಯಲ್ಲಿ ಅದಕ್ಕೆ ತಡೆ ಒಡ್ಡಲು ಕಾರಣವಿಲ್ಲ.

ವಂದನೆಯ ವಿಷಯ ಸೂಕ್ಷ್ಮವಾದದ್ದು. 1938ರಲ್ಲಿ ಪ್ರಕಟವಾದ ಫುನಾಕೋಶಿಯವರ ಇಪ್ಪತ್ತು ಸೂತ್ರಗಳಲ್ಲಿ ಮೊದಲನೆಯದೇ ವಂದನೆಯ ಕುರಿತದ್ದು. ಹೊಡೆಯುವುದನ್ನು ಕಲಿಸುವ ವಿದ್ಯೆಯಲ್ಲಿ ಇದಕ್ಕೆ ಮೊದಲ ಸ್ಥಾನ ಕೊಟ್ಟದ್ದು ಸರಿಯಾದ ನಿರ್ಧಾರ. ಇಬ್ಬರು ಎದುರುಬದುರು ಬಾಗಿದಾಗ, ನಾನು ನಿನಗೆ ಗಾಯ ಮಾಡಲು ನಿಂತಿಲ್ಲ ಎಂಬ ಒಪ್ಪಂದವಾಗುತ್ತದೆ. ಆದ್ದರಿಂದ ವಂದನೆ ಎರಡೂ ಕಡೆಯಿಂದ ಬರಬೇಕು. ಗುರು ಶಿಷ್ಯನಿಗೆ ಬಾಗದಿದ್ದರೆ ಒಪ್ಪಂದ ಅರ್ಧಕ್ಕೇ ನಿಲ್ಲುತ್ತದೆ. ನಮ್ಮ ಕಡೆ ಮಕ್ಕಳು ಮಾಸ್ಟರ ಕಾಲಿಗೆ ಎರಗುವುದೂ ಉಂಟು. ಅದು ನಮ್ಮ ಗುರುಭಕ್ತಿಯ ರೂಢಿ, ಕರಾಟೆಯ ನಿಯಮವಲ್ಲ. ಯಾರನ್ನೂ ಅದಕ್ಕೆ ಒತ್ತಾಯಿಸಬಾರದು. ತರಗತಿಯಲ್ಲಿ ಎಲ್ಲರೂ ಮುಂದಿನ ಗೋಡೆಯತ್ತ ಬಾಗುವಾಗ ಅದು ಪೂಜೆಯೇನೋ ಎಂದು ಹಿಂಜರಿಯುವ ಮಗುವಿಗೆ ಇತೋಸು ಅವರ 1908ರ ಮಾತನ್ನು ಹೇಳಬಹುದು: ಈ ವಿದ್ಯೆ ಬೌದ್ಧ ಧರ್ಮದಿಂದಾಗಲಿ ಕನ್‌ಫ್ಯೂಷಿಯಸ್ ಮತದಿಂದಾಗಲಿ ಹುಟ್ಟಿದ್ದಲ್ಲ. ಮಾತುಮಾತಿಗೆ ‘ಓಸ್’ ಎನ್ನುವುದು ಜಪಾನಿನ ವಿಶ್ವವಿದ್ಯಾಲಯಗಳ ಕರಾಟೆ ಸಂಘಗಳಲ್ಲಿ ಬೆಳೆದ ಅಭ್ಯಾಸ. ಕೇಯೋ ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಇಂಥ ಮೊದಲ ಸಂಘ ಆರಂಭವಾಯಿತು. ಓಕಿನಾವಾದ ಹಲವು ಹಿರಿಯ ಗುರುಗಳು ಆ ಕೂಗನ್ನು ಬಳಸುವುದೇ ಇಲ್ಲ. ಇನ್ನೊಂದು ಮಾತು: ಭಂಗಿ ತಿದ್ದಲು ಮೈ ಮುಟ್ಟುವ ಮುನ್ನ ಕೇಳುವುದು ಗುರುವಿನ ಶಿಷ್ಟಾಚಾರ. ನಿಯಮಗಳ ಪಟ್ಟಿಯಲ್ಲಿ ಗುರುವಿನ ಕರ್ತವ್ಯಗಳಿಗೂ ಜಾಗವಿರಬೇಕು.

ವಯಸ್ಸಿನ ಲೆಕ್ಕ ಬದಿಗಿಟ್ಟು ಅಗತ್ಯದ ಲೆಕ್ಕ ಹಿಡಿದರೆ ಎಲ್ಲಕ್ಕಿಂತ ಮೇಲೆ ನಿಲ್ಲುವುದು ಶುಚಿತ್ವ. ಚಪ್ಪಲಿ ಹೊರಗೆ ಬಿಡುವುದನ್ನು ಕನ್ನಡದ ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಕಲಿಸಬೇಕಾದ್ದು ಅದರ ಮುಂದಿನ ಹೆಜ್ಜೆ. ನಮ್ಮಲ್ಲಿ ತರಗತಿ ನಡೆಯುವುದು ಶಾಲೆಯ ಜಗಲಿ, ಸಮುದಾಯ ಭವನ, ಕಲ್ಯಾಣ ಮಂಟಪಗಳಲ್ಲಿ. ನಡುವೆ ಬರಿಗಾಲಲ್ಲಿ ಶೌಚಾಲಯಕ್ಕೆ ಓಡಿ ಅದೇ ಕಾಲಲ್ಲಿ ಸಾಲಿಗೆ ಮರಳುವ ಮಕ್ಕಳನ್ನು ಎಲ್ಲೆಡೆ ಕಾಣಬಹುದು. ಜಪಾನಿನ ಮನೆಗಳಲ್ಲಿ ಶೌಚಾಲಯಕ್ಕೆಂದೇ ಬೇರೆ ಚಪ್ಪಲಿ ಇರುತ್ತದೆ. ಆ ಪದ್ಧತಿಯನ್ನು ನಾವು ತಂದುಕೊಂಡಿಲ್ಲ. ಬಾಗಿಲ ಬಳಿ ಎರಡು ಜೊತೆ ಹವಾಯಿ ಚಪ್ಪಲಿ ಇಟ್ಟರೆ ಅದೂ ಬರುತ್ತದೆ. ಕಲಿಯುವವರೇ ಬಟ್ಟೆ ಹಿಡಿದು ನೆಲ ಒರೆಸುವುದು ಜಪಾನಿನ ಕರಾಟೆ ಶಾಲೆಗಳ ದಿನಚರಿಯ ಭಾಗ. ಫುನಾಕೋಶಿ ಸ್ವತಃ ಟೋಕಿಯೋದ ಆರಂಭದ ಬಡತನದ ವರ್ಷಗಳಲ್ಲಿ ತಾವಿದ್ದ ವಿದ್ಯಾರ್ಥಿನಿಲಯದ ಕೋಣೆಗಳನ್ನು ಗುಡಿಸಿ ಜೀವನ ಸಾಗಿಸಿದವರು.

ಚರ್ಮದ ಸೋಂಕುಗಳ ವಿಷಯದಲ್ಲಿ ನಾವು ವಿಶೇಷ ಎಚ್ಚರ ವಹಿಸಬೇಕಾದ ಕಾಲ ಇದು. ಗಜಕರ್ಣ, ಕಾಲ್ಬೆರಳ ಸಂದಿನ ಶಿಲೀಂಧ್ರ, ಕೀವುಗುಳ್ಳೆಗಳು ಒದ್ದೆ ನೆಲ, ಒದ್ದೆ ಬಟ್ಟೆ, ಮೈಗೆ ಮೈ ತಾಗುವುದರಿಂದ ಹರಡುತ್ತವೆ. 2020ರಲ್ಲಿ ಜಪಾನಿನ ಸಂಶೋಧಕರು, ಭಾರತ ಮತ್ತು ನೇಪಾಳ ಮೂಲದ ರೋಗಿಗಳಲ್ಲಿ ಕಂಡ, ಸಾಮಾನ್ಯ ಔಷಧಕ್ಕೆ ಬಗ್ಗದ ಒಂದು ಶಿಲೀಂಧ್ರವನ್ನು ಹೊಸ ಪ್ರಭೇದವೆಂದು ಗುರುತಿಸಿ ಟ್ರೈಕೋಫೈಟಾನ್ ಇಂಡೋಟೀನಿಯೇ ಎಂದು ಹೆಸರಿಟ್ಟರು. ಔಷಧದಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಸ್ಟೀರಾಯ್ಡ್ ಬೆರೆತ ಮುಲಾಮುಗಳ ಬಳಕೆ ಇಂಥ ಹಠಮಾರಿ ಸೋಂಕು ಬೆಳೆಯಲು ದಾರಿಯಾಗಿದೆ ಎಂಬುದು ಚರ್ಮವೈದ್ಯರ ಅಭಿಪ್ರಾಯ. ಮಗುವಿನ ಮೈಮೇಲೆ ಉಂಗುರದಂಥ ಕಲೆ ಕಂಡರೆ ಮುಲಾಮು ಹುಡುಕದೆ ವೈದ್ಯರಿಗೆ ತೋರಿಸಬೇಕು, ಅವರು ಒಪ್ಪುವವರೆಗೆ ತರಗತಿಗೆ ಕಳಿಸಬಾರದು. ರಕ್ತ ಬಂದರೆ ಅಭ್ಯಾಸ ಅಲ್ಲಿಗೇ ನಿಲ್ಲಬೇಕು. ಹೆಪಟೈಟಿಸ್ ಬಿ ವೈರಾಣು ಒಣಗಿದ ಕಲೆಯಲ್ಲೂ ಕನಿಷ್ಠ ಏಳು ದಿನ ಬದುಕಿರಬಲ್ಲದು, ಹಾಗಾಗಿ ನೆಲವನ್ನು ಬ್ಲೀಚಿಂಗ್ ದ್ರಾವಣದಿಂದ ಒರೆಸಬೇಕು. ಉಗುರು, ಉಂಗುರ, ಕಿವಿಯೋಲೆಗಳ ನಿಯಮಕ್ಕೆ ಕಣ್ಣು ಮತ್ತು ಚರ್ಮದ ಸುರಕ್ಷತೆಯೇ ಕಾರಣ. ಕಾಲುಗುರನ್ನು ಮರೆಯುವವರೇ ಹೆಚ್ಚು.

ಒಗೆತದಲ್ಲಿ ಒಂದು ಸ್ಥಳೀಯ ತೊಡಕಿದೆ. ಮಲೆನಾಡು, ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಪ್ಪ ಹತ್ತಿ ಬಟ್ಟೆ ಎರಡು ದಿನಕ್ಕೂ ಒಣಗುವುದಿಲ್ಲ. ಎರಡನೆಯ ಜೊತೆ ಕೊಳ್ಳಲು ಎಲ್ಲರ ಕೈಯಲ್ಲೂ ಆಗದು. ಆ ತಿಂಗಳುಗಳಲ್ಲಿ ಒಣಗಿದ ಟೀ ಶರ್ಟು, ಸಡಿಲ ಪ್ಯಾಂಟಿಗೆ ಅನುಮತಿ ಕೊಡುವುದು ಹಸಿ ಗಿ ಹಾಕಿಸುವುದಕ್ಕಿಂತ ಮೇಲು.

ಹುಡುಗಿಯರ ಬಿಳಿ ಪ್ಯಾಂಟಿನ ಪ್ರಶ್ನೆಯನ್ನು ಹೆಚ್ಚಿನ ಪಟ್ಟಿಗಳು ಮುಟ್ಟುವುದೇ ಇಲ್ಲ. ಮುಟ್ಟಿನ ದಿನಗಳಲ್ಲಿ ಕಲೆಯ ಭಯದಿಂದ ತರಗತಿ ತಪ್ಪಿಸಿಕೊಳ್ಳುವ ಹುಡುಗಿ ಕಾರಣವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹಾಗೆಯೇ ನಿಧಾನಕ್ಕೆ ಬಿಟ್ಟುಹೋಗುತ್ತಾಳೆ. ಬಿಳಿ ಉಡುಪಿಗೆ ಅತ್ಯಂತ ಕಟ್ಟುನಿಟ್ಟೆಂದು ಹೆಸರಾದ ವಿಂಬಲ್ಡನ್ ಟೆನಿಸ್ ಕೂಟವೇ 2023ರಿಂದ ಆಟಗಾರ್ತಿಯರಿಗೆ ಒಳಗೆ ಗಾಢ ಬಣ್ಣದ ಚಡ್ಡಿ ಧರಿಸಲು ಅವಕಾಶ ಕೊಟ್ಟಿದೆ. 1922ರಲ್ಲಿ ಅನುಕೂಲಕ್ಕಾಗಿ ಆರಿಸಿಕೊಂಡ ಬಿಳಿ ಬಟ್ಟೆಯ ಹೆಸರಿನಲ್ಲಿ ಇಂದಿನ ಹುಡುಗಿಯೊಬ್ಬಳ ಕಲಿಕೆ ನಿಲ್ಲಬಾರದು. ಒಳಗೆ ಕಪ್ಪು ಚಡ್ಡಿ ಹಾಕಬಹುದು, ಬೇಕಿದ್ದರೆ ಆ ದಿನ ಕಪ್ಪು ಪ್ಯಾಂಟನ್ನೇ ಹಾಕಬಹುದು ಎಂದು ಸೇರುವ ದಿನವೇ ಎಲ್ಲರಿಗೂ ಒಟ್ಟಾಗಿ ತಿಳಿಸಬೇಕು.

ಕರ್ನಾಟಕದ ಕರಾಟೆ ಶಿಕ್ಷಕರಲ್ಲಿ ನನ್ನ ವಿನಂತಿ ಇಷ್ಟು: ಹೊಸದಾಗಿ ಸೇರುವವರಿಗೆ ಕೊಡುವ ನಿಯಮಗಳನ್ನು ಕನ್ನಡದಲ್ಲಿ ಒಂದು ಪುಟಕ್ಕೆ ಇಳಿಸಿ, ಪ್ರತಿ ನಿಯಮದ ಎದುರು ಅದರ ಕಾರಣವನ್ನೂ ಬರೆದು, ತಂದೆತಾಯಿಯ ಕೈಗೆ ಕೊಡಿ. ಕಾರಣ ಬರೆಯಲಾಗದ ನಿಯಮ ಸಿಕ್ಕರೆ ಅದನ್ನು ಪಟ್ಟಿಯಿಂದ ತೆಗೆದುಬಿಡಿ.