ಸಲಾಮಾ ಮೂಸಾ: ಈಜಿಪ್ತಿನ ಒಬ್ಬ ವಿಚಾರವಾದಿ ಪತ್ರಿಕಾಕರ್ತ

ಪತ್ರಿಕೆಯನ್ನೇ ಪಾಠಶಾಲೆಯೆಂದು ಬಗೆದು ಲೇಖನಿ ಹಿಡಿದವರು ಅನೇಕ ದೇಶಗಳಲ್ಲಿ ಉಂಟು. ಈಜಿಪ್ತಿನಲ್ಲಿ ಅಂಥವರ ಪಂಕ್ತಿಯಲ್ಲಿ ಎಣಿಸತಕ್ಕವನು ಸಲಾಮಾ ಮೂಸಾ (1887–1958). ಯೂರೋಪಿನ ವಿದ್ಯೆಯನ್ನು ಮನಸಾರೆ ಕೊಂಡಾಡಿದ ಈತನೇ ಯೂರೋಪಿನ ಆಳಿಕೆಯನ್ನೂ ಸರಕನ್ನೂ ವಿರೋಧಿಸಿದನು. ಇವೆರಡೂ ಒಬ್ಬನಲ್ಲಿ ಹೇಗೆ ಕೂಡಿದುವೆಂಬುದೇ ಪ್ರಕೃತ ವಿಚಾರ.

ಜಗಾಜೀಗ್ ಪಟ್ಟಣದ ಸಮೀಪದ ಹಳ್ಳಿಯೊಂದರಲ್ಲಿ, ಕಾಪ್ಟಿಕ್ ಕ್ರೈಸ್ತ ಕುಟುಂಬದಲ್ಲಿ ಮೂಸಾ ಹುಟ್ಟಿದನು. ಆಂಗ್ಲರ ಸೈನ್ಯವು 1882ರಲ್ಲಿಯೇ ಈಜಿಪ್ತನ್ನು ಆಕ್ರಮಿಸಿದ್ದಿತು. ತಾರುಣ್ಯದಲ್ಲಿ ಪ್ಯಾರಿಸ್, ಲಂಡನ್ ನಗರಗಳಿಗೆ ಹೋದ ಈತನು ಡಾರ್ವಿನ್ನನ ವಿಕಾಸವಾದವನ್ನು ಓದಿದನು. ಫೇಬಿಯನ್ ಸಂಘವನ್ನು ಸೇರಿ, ಬರ್ನಾರ್ಡ್ ಷಾನ ವಿಚಾರಗಳಿಗೆ ಮಾರುಹೋದನು. 1913ರಲ್ಲಿ ಸಮಾಜವಾದವನ್ನು ಕುರಿತು ಅರಬ್ಬಿಯಲ್ಲಿ ಕಿರುಹೊತ್ತಗೆಯೊಂದನ್ನು ಬರೆದನು. 1914ರಲ್ಲಿ ಶಿಬ್ಲಿ ಶುಮಯ್ಯಿಲ್‌ನೊಡನೆ ಹೊರಡಿಸಿದ ‘ಅಲ್ ಮುಸ್ತಕ್ಬಲ್’ ಪತ್ರಿಕೆಯು ಅಲ್ಪಾಯುವಾಯಿತು. 1921ರಲ್ಲಿ ಈಜಿಪ್ತಿನ ಸಮಾಜವಾದಿ ಪಕ್ಷದ ಸ್ಥಾಪಕರಲ್ಲಿ ಒಬ್ಬನಾದರೂ ಅಲ್ಲಿ ಬಹುಕಾಲ ನಿಲ್ಲಲಿಲ್ಲ. ಪತ್ರಿಕೆಯೇ ಅವನ ನಿಜವಾದ ಕಾರ್ಯಕ್ಷೇತ್ರ. 1923ರಿಂದ 1929ರವರೆಗೆ ‘ಅಲ್ ಹಿಲಾಲ್’ ಪತ್ರಿಕೆಯ ಸಂಪಾದಕತ್ವವನ್ನು ವಹಿಸಿ, 1929ರಲ್ಲಿ ‘ಅಲ್ ಮಜಲ್ಲಾ ಅಲ್ ಜದೀದಾ’ ಎಂಬ ಸ್ವಂತ ಪತ್ರಿಕೆಯನ್ನು ಆರಂಭಿಸಿದನು.

ರಾಜ್ಯಾಡಳಿತವು ಮತದಿಂದ ಬೇರೆಯಾಗಿರಬೇಕು, ಸ್ತ್ರೀಯರಿಗೆ ವಿದ್ಯೆಯೂ ಉದ್ಯೋಗವೂ ದೊರೆಯಬೇಕು, ವಿಜ್ಞಾನವು ಜನಸಾಮಾನ್ಯರ ಸೊತ್ತಾಗಬೇಕು—ಇವು ಅವನ ಮುಖ್ಯ ಸಿದ್ಧಾಂತಗಳು. ವಿಚಾರಸ್ವಾತಂತ್ರ್ಯಕ್ಕಾಗಿ ಕಷ್ಟಪಟ್ಟವರ ಚರಿತ್ರೆಯನ್ನೂ ಗ್ರಂಥರೂಪವಾಗಿ ಬರೆದನು.

ಸಾಹಿತ್ಯೋಪಾಧ್ಯಾಯರು ವಿಶೇಷವಾಗಿ ಗಮನಿಸತಕ್ಕುದು ಅವನ ಭಾಷಾವಿಚಾರ. ಗ್ರಾಂಥಿಕ ಅರಬ್ಬಿಗೂ ಕೈರೋ ಬೀದಿಗಳ ಮಾತಿಗೂ ನಡುವಣ ಅಂತರವು ದೊಡ್ಡದು. ಶಬ್ದಾಡಂಬರವು ಆಲೋಚನೆಯನ್ನು ಮುಚ್ಚುವುದೆಂದು ಮೂಸಾ ವಾದಿಸಿದನು. ಒಮ್ಮೆ ಆಡುನುಡಿಯ ಪಕ್ಷವನ್ನೇ ಹಿಡಿದನು. 1945ರ ಗ್ರಂಥದಲ್ಲಿ ಲ್ಯಾಟಿನ್ ಲಿಪಿಯನ್ನೂ ಸಮರ್ಥಿಸಿದನು. ಆದರೆ ತಾನು ಬರೆದುದು ಗ್ರಾಂಥಿಕ ಅರಬ್ಬಿಯಲ್ಲಿಯೇ. ಅದನ್ನು ತಂತಿವಾರ್ತೆಯಂತೆ ಚಿಕ್ಕದಾಗಿಯೂ ನೇರವಾಗಿಯೂ ಮಾಡಿದನು. ಲಿಪಿಯನ್ನು ಬದಲಿಸುವ ಸಲಹೆಯು ಫಲಿಸಲಿಲ್ಲ. ನೇರವಾದ ಗದ್ಯವು ಮಾತ್ರ ಓದುಗರನ್ನು ಗಳಿಸಿತು.

ಮೂಸಾನ ವಿಚಾರಗಳು ನಿರ್ದುಷ್ಟವಲ್ಲ. ಈಜಿಪ್ತವು ಪೂರ್ವದೇಶಗಳನ್ನು ಬಿಟ್ಟು ಯೂರೋಪನ್ನು ಸೇರಬೇಕೆಂದು 1920ರ ದಶಕದಲ್ಲಿ ಬರೆದುದು ಅತಿರೇಕವೇ ಸರಿ. ಮಾನವ ಸಂತಾನವನ್ನು ಆಯ್ದು ಉತ್ತಮಪಡಿಸಬಹುದೆಂಬ ಅಂದಿನ ವಾದಕ್ಕೂ ಅವನು ಒಲಿದನು. ಆ ವಾದದ ಕ್ರೂರ ಪರಿಣಾಮವನ್ನು ಲೋಕವು ಬಳಿಕ ಕಂಡಿತು. ಆದರೂ ಇದೇ ಲೇಖಕನು 1930ರ ಸುಮಾರಿಗೆ ‘ಈಜಿಪ್ತಿನವನಿಗೆ ಈಜಿಪ್ತಿನವನೇ’ ಎಂಬ ಅರ್ಥದ ಹೆಸರಿನ ಸಂಘವನ್ನು ಕಟ್ಟಿ ಸ್ವದೇಶಿ ವಸ್ತುಗಳ ಬಳಕೆಯನ್ನು ಬೋಧಿಸಿದನು. 1934ರಲ್ಲಿ ಗಾಂಧೀಜಿಯವರನ್ನೂ ಭಾರತದ ಚಳವಳವನ್ನೂ ಕುರಿತು ಗ್ರಂಥವನ್ನು ಪ್ರಕಟಿಸಿದನು. ಪೂರ್ವವನ್ನು ತೊರೆಯೆಂದವನಿಗೆ ಪೂರ್ವದೇಶದಿಂದಲೇ ಮಾರ್ಗದರ್ಶನ ದೊರೆಯಿತು! ಇಲ್ಲಿ ವಿರೋಧವು ತೋರಿದರೂ ಮೂಲವು ಒಂದೇ. ಬಡತನವೂ ಅಜ್ಞಾನವೂ ಪರಾಧೀನತೆಯೂ ಅವನ ದೃಷ್ಟಿಯಲ್ಲಿ ಒಂದೇ ಸಂಕೋಲೆಯ ಕೊಂಡಿಗಳು. ಒಂದನ್ನು ಕಡಿಯಲು ವಿಜ್ಞಾನವು ಬೇಕು, ಮತ್ತೊಂದನ್ನು ಕಡಿಯಲು ಸ್ವದೇಶಿಯು ಬೇಕು.

1947ರಲ್ಲಿ ಪ್ರಕಟವಾದ ಆತ್ಮಚರಿತ್ರೆಗೆ ಅವನು ‘ಸಲಾಮಾ ಮೂಸಾನ ಶಿಕ್ಷಣ’ ಎಂಬರ್ಥದ ಹೆಸರನ್ನಿಟ್ಟುದು ಉಚಿತವಾಗಿದೆ. ಇತರರಿಗೆ ಕಲಿಸುವವನು ತಾನು ಕಲಿಯುವುದನ್ನು ನಿಲ್ಲಿಸಲಿಲ್ಲ. ನಗೀಬ್ ಮಹ್ಫೂಜ್ ಎಂಬ ತರುಣನ ಆರಂಭದ ಲೇಖನಗಳನ್ನೂ, 1939ರಲ್ಲಿ ಅವನ ಮೊದಲ ಕಾದಂಬರಿಯನ್ನೂ ಪ್ರಕಟಿಸಿದವನು ಮೂಸಾನೇ. ಆ ತರುಣನಿಗೆ 1988ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ಮೂಸಾನ ಸಿದ್ಧಾಂತಗಳಲ್ಲಿ ಕೆಲವನ್ನು ಕಾಲವು ತಳ್ಳಿಹಾಕಿದೆ; ಆದರೆ ಹೊಸಬರ ಬರಹಕ್ಕೆ ಅವನು ತೆರೆದಿಟ್ಟ ಬಾಗಿಲಿನಿಂದ ಅರಬ್ಬೀ ಸಾಹಿತ್ಯಕ್ಕಾದ ಲಾಭವು ಸ್ಥಿರವಾದುದು.